ಒಂದು ಮುಕ್ಕಾಲು ಗ್ರಾಂ

ಹನುಮಂತನಗರದ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ
ರಕ್ತದ ಸ್ಲೈಡುಗಳನ್ನು ಬದಿಗೆ ಸರಿಸಿ
ಜೇಬಿನಿಂದ ಬೆಂಕಿಪೊಟ್ಟಣ ತೆಗೆದೆ.
ಒಳಗೆ ಹತ್ತಿ, ಹತ್ತಿಯೊಳಗೆ ಮುಳ್ಳು.
ಮಸೂರದ ಕೆಳಗಿಟ್ಟು ತಿರುಪು ತಿರುಗಿಸಿದರೆ
ಚೌಕಾಬಾರಕ್ಕೆ ತೇಯ್ದ ಹುಣಸೆಬೀಜದ ಹಾಗೆ
ಎರಡೂ ಪಕ್ಕ ಚಪ್ಪಟೆ.
ವಜ್ರವಂತೆ. ವಜ್ರವೂ ಸವೆಯುತ್ತದೆ,
ಪ್ಲಾಸ್ಟಿಕ್ಕಿಗೆ ಉಜ್ಜಿ ಉಜ್ಜಿ.
ಇಪ್ಪತ್ತೆರಡು ವರ್ಷ ಕಂಡವರ ರಿಪೋರ್ಟು ಬರೆದವನು
ಮೊದಲ ಸಲ ನನಗೇ ಒಂದು ಬರೆದುಕೊಂಡೆ,
ಪೆನ್ಸಿಲಿನಲ್ಲಿ: ಬದಲಿಸತಕ್ಕದ್ದು.

ಇದ್ದದ್ದು ಮೂರು ಸಾವಿರ. ಚೀಟಿ ಎತ್ತಿದ್ದರಲ್ಲಿ
ಸಿಲಿಂಡರು, ಮಗನ ಕನ್ನಡಕ, ಏರಿದ ಬಾಡಿಗೆ ಕಳೆದು
ವನಮಾಲ ಕಂಡೂ ಕಾಣದ ಹಾಗೆ ಬಿಟ್ಟ ಮೂರು ಸಾವಿರ.

ಶಿವಾಜಿನಗರದಲ್ಲಿ, ಸೈಲೆನ್ಸರ್ ಮಾರುವ ಸಾಲಿನ ಹಿಂದೆ
ಕಬ್ಬಿಣದ ಏಣಿ ಹತ್ತಿದರೆ ಅಮಾನುಲ್ಲಾ.
ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ಸಾವಿರದ್ದು, ನಲವತ್ತರದ್ದು,
ಎಲ್ಲ ಹೆಬ್ಬೆರಳ ಉಗುರಿನಷ್ಟೇ.
ನಾನು ನೋಡುವುದನ್ನು ಅವರು ನೋಡಿ
ಪೆಟ್ಟಿಗೆಯ ಮೇಲೆ ಮೆಲ್ಲಗೆ ಟವೆಲು ಎಳೆದರು.
"ಬಾಡಿ ಹಂಗೇ ಇರ್ಲಿ ಸಾರ್, ಗಟ್ಟಿ ಐತೆ.
ಮುಳ್ಳೊಂದು ಬದ್ಲಾಯ್ಸಿ. ದುಂಡುದು ಬ್ಯಾಡ,
ಮೊಟ್ಟೆ ತರದ್ದು ಹಾಕಿ. ದುಂಡುದು ಮೇನ್ ರೋಡಲ್ಲೇ ಹೋಗ್ತದೆ,
ಇದು ಗಲ್ಲಿಗೆ ನುಗ್ತದೆ."
ಎರಡು ಸಾವಿರದ ಒಂಬೈನೂರು. ಉಳಿದ ನೂರರಲ್ಲಿ
ಬಸ್ಸು, ಮತ್ತೆ ಬೇಕರಿಯಿಂದ ಎರಡು ದಿಲ್ ಪಸಂದ್,
ಲಂಚ ಅಂತಲೇ ಇಟ್ಟುಕೊಳ್ಳಿ.

ಇನ್ನು ತೋಳಿನ ಭಾರ: ಒಂದು ಮುಕ್ಕಾಲು ಗ್ರಾಂ.
ಹೆಚ್ಚಾದರೆ ಉಳುತ್ತದೆ, ಕಮ್ಮಿಯಾದರೆ ಹಾರುತ್ತದೆ.
ಮೂಲೆಯ ಗಿರವಿ ಅಂಗಡಿಯ ಕೇವಲ್‌ಚಂದನಲ್ಲಿ
ಅಂಗೈಯಗಲದ ತಕ್ಕಡಿಯನ್ನು ಒಂದು ರಾತ್ರಿಗೆ ಕೇಳಿದೆ.
"ಏನು ತೂಗ್ತೀರಿ?" ಎಂದ. ತೋಳು, ಎಂದೆ.
ಅವನು ನಗಲಿಲ್ಲ. ಆ ಅಂಗಡಿಯಲ್ಲಿ
ತೂಗಲು ತಂದದ್ದಕ್ಕೆ ನಗುವ ರೂಢಿಯಿಲ್ಲ.

ವನಮಾಲ ತಕ್ಕಡಿಯ ಗುರುತು ಹಿಡಿದಳು.
ಹೋದ ಆಷಾಢದಲ್ಲಿ ಅವಳ ಓಲೆ ಕೂತಿದ್ದ ತಟ್ಟೆ.
"ಅವತ್ತು ನಾಲ್ಕು ಇಪ್ಪತ್ತು ತೋರಿಸಿತ್ತು," ಎಂದಳು, ಅಷ್ಟೇ.
ಆಮೇಲೆ ಟಾರ್ಚು ಹಿಡಿದಳು.
ನಾನು ಹಿಂದಿನ ಗುಂಡನ್ನು ಕೂದಲೆಳೆಯಷ್ಟು ತಿರುಗಿಸುವುದು,
ಅವಳು ಓದುವುದು: ಎರಡು ಹತ್ತು. ಒಂದು ಅರವತ್ತು.
ಫ್ಯಾನ್ ಆರಿಸಿ, ಗಾಳಿಗೂ ತೂಕ ಬರ್ತಿದೆ.
ಒಂದು ಎಪ್ಪತ್ತಾರು.
ಸಾಕು ಬಿಡಿ. ಇಬ್ಬರೂ ಉಸಿರು ಬಿಟ್ಟೆವು,
ಅದು ಎಪ್ಪತ್ತೆಂಟಾಯಿತು.

ಹಾಕಿದ್ದು ಭಾನುವಾರದ ಬಜಾರಿನಲ್ಲಿ ಎಂಬತ್ತಕ್ಕೆ ಸಿಕ್ಕ
ಯಾವುದೋ ಕಂಪನಿ ನಾಟಕ, ಥಿಯೇಟರಿನಲ್ಲೇ ಹಿಡಿದದ್ದು.
ಲಕೋಟೆ ಹರಿದಿದೆ, ನಟರ ಹೆಸರಿನ ಮೇಲೆ
ಯಾರದೋ ಕಾಫಿ ಲೋಟದ ಉಂಗುರ.
ರಾಜ ಸಾಸಿರ ಎಂದಾಗಲೆಲ್ಲ ಇಷ್ಟು ದಿನ
ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಚಟ.
ಈಗ ಸಕಾರ ಸಕಾರವಾಯಿತು.
ಹಾರ್ಮೋನಿಯಮ್ಮಿನ ತಿದಿಗೆ ಗಾಳಿ ಹೊಕ್ಕದ್ದು ಕೇಳಿತು.
ಕೊನೆಯ ಅರ್ಧ ಇಂಚು ಮಾತ್ರ ಹಾಗೇ ಇದೆ,
ಹಳೆಯ ಮುಳ್ಳು ಉತ್ತ ಗಾಯ.
ಹೊಸದು ಅದನ್ನೂ ಸ್ಪಷ್ಟವಾಗಿ ಓದುತ್ತದೆ.

"ಶ್, ಇನ್ಯಾರೋ ಇದಾರೆ," ಎಂದಳು ವನಮಾಲ.
ಎತ್ತಿ ಹಿಂದಕ್ಕಿಟ್ಟೆ.
ರಾಣಿ ಸೊಲ್ಲೆತ್ತುವ ಒಂದು ಗಳಿಗೆ ಮುಂಚೆ
ಪರದೆಯ ಮರೆಯಿಂದ, ಬೀಡಿ ಸೇದಿದ ಗಂಟಲು,
ಅದೇ ಮಾತು, ಅಕ್ಕಿಲೆಕ್ಕ ಓದುವವನ ಹಾಗೆ:
ನನ್ನನ್ನು ಯಾರಿಗೆ ಒಪ್ಪಿಸಿ ಹೋಗುವಿರಿ.
ಆಮೇಲೆ ರಾಣಿ ಅದನ್ನು ಅತ್ತಳು. ಜನ ಚಪ್ಪಾಳೆ.
ಪುಟ ಮಗುಚಿದ ಸದ್ದು.

ರಾಜರಾಣಿಯರನ್ನು ಬಿಟ್ಟು ಅವನನ್ನೇ ಕೇಳಿದೆವು,
ಒಂದು ಬದಿ, ಮಗುಚಿ ಇನ್ನೊಂದು ಬದಿ.
ದಿಲ್ ಪಸಂದಿನ ಪುಡಿ ಹಾಸಿಗೆಯ ಮೇಲೆಲ್ಲ.
ಮೂರನೇ ಅಂಕದಲ್ಲಿ ಅವನಿಗೆ ಕೆಮ್ಮು ಹತ್ತಿತು.
ರಾಣಿ ಕಾದಳು. ಹಾರ್ಮೋನಿಯಮ್ಮು
ಒಂದೇ ಸ್ವರದ ಮೇಲೆ ನಿಂತು ಕಾಯಿತು.
ವನಮಾಲ ಮುಂದಕ್ಕೆ ಬಾಗಿ, ತಿರುಗುವ ತಟ್ಟೆಯ ಹತ್ತಿರ ಬಾಯಿ ತಂದು
ಮುಂದಿನ ಮಾತು ಹೇಳಿಕೊಟ್ಟಳು.